ಮಕ್ಕಳಿಗೆ ವಾರಕ್ಕೊಂದು ಗಂಟೆ



ಅಡಿಕೆ ಬೇಯಿಸಿ ಒಣಗಿಸುವ ಕೆಲಸ ಮುಗಿಯುವ ಹೊತ್ತಿಗೆ ಕಾಫಿ ಗಿಡದಲ್ಲಿ ಹಣ್ಣು ಕೆಂಪಾಗಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಆಳು, ಕಣ, ಚೀಲ, ದರ ಇವುಗಳ ಹೊರತು ಬೇರೆ ಮಾತು ನಮ್ಮ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಆದರೆ ಒಂದು, ಎರಡು, ಮೂರನೆಯ ತರಗತಿಯ ಮಗು ಅಕ್ಷರ ಕೂಡಿಸಿ ಓದುವುದನ್ನು ರೂಢಿಸಿಕೊಳ್ಳಬೇಕಾದದ್ದೂ ಇದೇ ತಿಂಗಳುಗಳಲ್ಲಿ. ಎಳೆಯ ಸಸಿಗೆ ಮೊದಲ ಎರಡು ಬೇಸಿಗೆ ನೀರು ತಪ್ಪಿದರೆ ಮುಂದೆ ಎಷ್ಟು ಗೊಬ್ಬರ ಸುರಿದರೂ ಫಲ ಅಷ್ಟಕ್ಕಷ್ಟೇ ಎಂಬುದು ನಮಗೆಲ್ಲ ತಿಳಿದ ಸಂಗತಿ. ಮಕ್ಕಳ ಓದಿನ ವಿಷಯವೂ ಇದಕ್ಕಿಂತ ಬೇರೆಯಲ್ಲ. ಆದ್ದರಿಂದ ವಾರಕ್ಕೆ ಒಂದೇ ಒಂದು ಗಂಟೆಯನ್ನು ಮನೆಯಲ್ಲಿ ಮಕ್ಕಳ ಕಲಿಕೆಗೆ ಮೀಸಲಿಡುವ ಬಗ್ಗೆ ಈ ಲೇಖನ.

ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಪದ್ಧತಿ

ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳಿಗೆ ಇರುವ ‘ನಲಿ-ಕಲಿ’ ಪದ್ಧತಿ ಆರಂಭವಾದದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲೆಯ ಸಮೀಪವಿರುವ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ಕಂಡುಬಂದ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ, ತಮ್ಮ ಶಾಲೆಗಳಿಗೆ ಹೊಂದುವಂತೆ ಇದನ್ನು ರೂಪಿಸಿದರು. 2009-10ರಿಂದ ಇದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಹಳ್ಳಿಶಾಲೆಗೆ ಒಪ್ಪುವ ಪದ್ಧತಿ ಇದು.

ಇದರಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ ಮಾಡಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಜ್ವರವೋ ಜಾತ್ರೆಯೋ ಬಂದು ಮಗು ನಾಲ್ಕು ದಿನ ತಪ್ಪಿಸಿಕೊಂಡರೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಆದರೆ ಕೊಯ್ಲಿನ ನೆಪದಲ್ಲಿ ಮೇಲಿಂದ ಮೇಲೆ ತಪ್ಪಿಸಿಕೊಳ್ಳುವ ಮಗು ಕೆಳಗಿನ ಮೆಟ್ಟಿಲಿನಲ್ಲೇ ಉಳಿದುಬಿಡುತ್ತದೆ.

‘ಶಾಲೆಯಲ್ಲಿ ಅ ಆ ಇ ಈ ಕೂಡ ಹೇಳಿಕೊಡುವುದಿಲ್ಲ’ ಎಂದು ನಮ್ಮಲ್ಲಿ ಅನೇಕರು ದೂರುವುದುಂಟು. ಇದಕ್ಕೆ ಕಾರಣ ತಿಳಿಯುವುದು ಒಳ್ಳೆಯದು. ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ತೊಡಗುತ್ತಾರೆ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ತಾನೇ ಓದಬಲ್ಲದು. ನಾವು ದಿನಾ ಬೆಳಗಾದರೆ ವಿಚಾರಿಸುವ ‘ದರ’ವೂ ಆ ಪಟ್ಟಿಯಲ್ಲೇ ಇದೆ! ಆದ್ದರಿಂದ ಮನೆಯಲ್ಲಿ ಮಗುವನ್ನು ಗದರಿಸಿ ಮತ್ತೆ ಮೊದಲಿನಿಂದ ತಿದ್ದಿಸುವ ಬದಲು, ‘ಈ ವಾರ ಯಾವ ಅಕ್ಷರ ಬಂತು ಮಗಾ?’ ಎಂದು ಕೇಳಿ, ಅಲ್ಲಿಂದಲೇ ಮುಂದುವರಿಯಿರಿ. ವರ್ಣಮಾಲೆ ಬಾಯಿಪಾಠಕ್ಕೆ ಅಜ್ಜಿ ಇದ್ದೇ ಇದ್ದಾರೆ.

ಬಾಗಿಲು ಮುಚ್ಚಿದ ಕಾಲದ ಪಾಠ

2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಆ ವರ್ಷ ಆಗಸ್ಟಿನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರೇ ಹಳ್ಳಿಗೆ ಬಂದು ಜಗಲಿ, ದೇವಸ್ಥಾನದ ಅಂಗಳ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಗಳು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಎರಡನೆಯ ತರಗತಿ ಅರ್ಧ ಕಳೆಯುವವರೆಗೆ ತರಗತಿಯಲ್ಲಿ ಕೂತಿರಲೇ ಇಲ್ಲ. ಸರ್ಕಾರ 2022-23ನೆಯ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ನಡೆಸಬೇಕಾಯಿತು. ಜಗಲಿಯೂ ಪಾಠಶಾಲೆಯಾಗಬಲ್ಲದು, ಆದರೆ ಅಲ್ಲಿ ಯಾರಾದರೂ ಮಗುವಿನ ಪಕ್ಕ ಕೂರಬೇಕು ಎಂಬುದನ್ನು ಆ ಎರಡು ವರ್ಷ ನಮಗೆ ತೋರಿಸಿಕೊಟ್ಟವು.

ತಿಂಗಳ ನಾಲ್ಕು ವಾರ

ಭಾನುವಾರವೋ ಸಂತೆಯ ದಿನವೋ, ನಿಮಗೆ ಅನುಕೂಲವಾದ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ.

ಮೊದಲ ವಾರ, ಓದು: ಗೊಬ್ಬರದ ಚೀಲ, ಬೆಂಕಿಪೊಟ್ಟಣ, ಬಸ್ಸಿನ ಬೋರ್ಡು, ಸಂಘದ ಬಿಲ್ಲು, ಗೋಡೆಯ ಕ್ಯಾಲೆಂಡರು, ಇವುಗಳಲ್ಲಿ ತನಗೆ ಗೊತ್ತಿರುವ ಅಕ್ಷರಗಳನ್ನು ಮಗು ಹುಡುಕಲಿ. ಒಣಗಿದ ಅಡಿಕೆ ಹಾಳೆಯ ಒಳಮೈ ಮೇಲೆ ಇದ್ದಿಲಿನಿಂದ ಐದು ಪದ ಬರೆಯಲಿ. ಬರೆದದ್ದನ್ನು ದಾರ ಕಟ್ಟಿ ತೂಗುಹಾಕಿ. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಬರಹ, ಚಿತ್ರಗಳನ್ನು ಹೀಗೆಯೇ ತೂಗುಬಿಡುತ್ತಾರೆ. ಅದಕ್ಕೆ ‘ಚಪ್ಪರ’ ಎಂದೇ ಹೆಸರು.

ಎರಡನೆಯ ವಾರ, ಎಣಿಕೆ: ಹುಣಸೆಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿಸಿ. ಮೂರು ಗುಂಪು, ಬಿಡಿ ನಾಲ್ಕು ಅಂದರೆ ಮೂವತ್ತನಾಲ್ಕು ಎಂಬುದು ಕೈಗೆ ಸಿಕ್ಕಿದರೆ ತಲೆಗೂ ಸಿಕ್ಕೀತು. ಅಟ್ಟದ ಮೇಲಿನ ಅಳಗುಳಿ ಮಣೆಯನ್ನು ಕೆಳಗಿಳಿಸಿ. ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಬೀಜ. ಕೂಡುವುದು, ಕಳೆಯುವುದು, ಹಂಚುವುದು ಎಲ್ಲವೂ ಆ ಆಟದಲ್ಲಿದೆ. ಎಣಿಕೆಗೆ ಅಡಿಕೆ ಮಾತ್ರ ಬೇಡ. ಎಳೆಯರಿಗೆ ಅದನ್ನು ಬಾಯಿಗೆ ಹಾಕುವ ಅಭ್ಯಾಸವಾಗಬಾರದು.

ಮೂರನೆಯ ವಾರ, ತೂಕ ಮತ್ತು ಮಳೆ: ಒಂದು ಕಿಲೋ ಕಾಫಿ ಹಣ್ಣು ಭಾರವೋ, ಒಂದು ಕಿಲೋ ತರಗೆಲೆ ಭಾರವೋ ಎಂದು ಕೇಳಿ, ತಕ್ಕಡಿಯಲ್ಲಿ ತೂಗಿ ತೋರಿಸಿ. ಮೂರನೆಯ ತರಗತಿಯವರಿಗೆ ‘50 ಕಿಲೋದ ಎಷ್ಟು ಚೀಲಕ್ಕೆ ಒಂದು ಕ್ವಿಂಟಲ್?’ ಎಂಬಂಥ ಪ್ರಶ್ನೆ ಕೊಡಬಹುದು. ಶಾಲೆಯಲ್ಲಿ ಮಕ್ಕಳು ಹವಾಮಾನ ನಕ್ಷೆ ತುಂಬುತ್ತಾರೆ. ಮನೆಯಲ್ಲಿ ನಿಮ್ಮ ಮಳೆ ಪುಸ್ತಕವನ್ನು ಅವರ ಕೈಗೆ ಕೊಡಿ. ಮಳೆ ಬಂದ ದಿನಕ್ಕೆ ಚಿಕ್ಕವರು ಹನಿಯ ಗುರುತು ಹಾಕಲಿ. ದೊಡ್ಡವರು ಇಂಚು ಸೆಂಟು ಬರೆಯಲಿ. ನೂರು ಸೆಂಟಿಗೆ ಒಂದು ಇಂಚು ಎಂಬ ಲೆಕ್ಕ ಅವರಿಗೆ ಪುಸ್ತಕಕ್ಕಿಂತ ಮೊದಲು ಹೂಮಳೆಯಲ್ಲೇ ಬರುತ್ತದೆ.

ನಾಲ್ಕನೆಯ ವಾರ, ಕಥೆ: ಹಿರಿಯರು ಒಂದು ಕಥೆ ಹೇಳಲಿ, ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಕೊನೆಯನ್ನು ಬದಲಾಯಿಸಿದರೆ ಬದಲಾಯಿಸಲಿ. ಓದುಬರಹ ಬಾರದ ತಂದೆತಾಯಂದಿರೂ ನಿಸ್ಸಂಕೋಚವಾಗಿ ನಡೆಸಬಹುದಾದ ಪಾಠ ಇದು. ಅವರು ಪಾಠದ ಪುಸ್ತಕ ತೆರೆಸಿ, ‘ಬೆರಳಿಟ್ಟು ಓದು, ನಾನು ಕೇಳುತ್ತೇನೆ’ ಎಂದರೂ ಸಾಕು. ಕೇಳುವವರಿದ್ದರೆ ಮಗು ಓದುತ್ತದೆ.

ಲೈನಿನ ಮಕ್ಕಳನ್ನು ಮರೆಯಬಾರದು

ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಕುಟುಂಬಗಳ ಮಕ್ಕಳೂ ಇದೇ ವಯಸ್ಸಿನವರು. ಅವರ ಮನೆಮಾತು ಜೇನುಕುರುಬರ ನುಡಿಯಿರಬಹುದು, ತಮಿಳಿರಬಹುದು, ದೂರದ ಅಸ್ಸಾಮಿನ ಭಾಷೆಯಿರಬಹುದು. ನಿಮ್ಮ ಜಗಲಿಯ ಗಂಟೆಗೆ ಅವರನ್ನೂ ಕರೆಯಿರಿ. ಕಥೆಯನ್ನು ಅವರು ಮೊದಲು ತಮ್ಮ ಭಾಷೆಯಲ್ಲೇ ಹೇಳಲಿ, ಕನ್ನಡ ಜೊತೆಯ ಮಕ್ಕಳಿಂದ ತಾನಾಗಿ ಬರುತ್ತದೆ. ಮಗು ಸಮೀಪದ ಶಾಲೆಗೆ ಸೇರಿದೆಯೇ ಎಂದು ವಿಚಾರಿಸಿ, ಸೇರಿರದಿದ್ದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ದಾಖಲೆ ಪತ್ರಗಳಿಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ. 2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇಲ್ಲೇ ಒಂದು ಎಚ್ಚರಿಕೆ. ಒಂದು ಬುಟ್ಟಿ ಹಣ್ಣನ್ನು ಮಗು ಎಣಿಸಿದರೆ ಅದು ಕಲಿಕೆ. ದಿನವಿಡೀ ಬುಟ್ಟಿ ತುಂಬಿಸಿದರೆ ಅದು ಕೂಲಿ. 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವುದು ಕಾನೂನಿಗೂ ವಿರುದ್ಧ, ನಮ್ಮ ಮರ್ಯಾದೆಗೂ ವಿರುದ್ಧ. ಹಾಗೆಯೇ ಮೈಲುತುತ್ತ, ಕೀಟನಾಶಕ ಇಟ್ಟ ಕೋಣೆಯ ಕಡೆಗೆ ಮಕ್ಕಳು ಸುಳಿಯದಂತೆ ಬೀಗ ಹಾಕಿರಿ.

ಸದಸ್ಯರಲ್ಲಿ ಒಂದು ವಿನಂತಿ. ಸಂಘದ ಕಚೇರಿಯಲ್ಲಿ ಒಂದು ಮಗ್ಗುಲು ಖಾಲಿಯಿರುವ ಹಳೆಯ ಕಾಗದ, ಹಿಂದಿನ ವರ್ಷಗಳ ಕ್ಯಾಲೆಂಡರುಗಳು ಇವೆ. ಬಿಲ್ಲು ಪಡೆಯಲು ಬಂದಾಗ ಕೇಳಿ ಒಯ್ಯಿರಿ. ಬರುವಾಗ ಮಗುವನ್ನೂ ಕರೆತಂದರೆ ಇನ್ನೂ ಸಂತೋಷ. ಹಲಗೆಯ ಮೇಲೆ ಬರೆದ ಆ ದಿನದ ದರವನ್ನು ಅದೇ ಓದಿ ನಿಮಗೆ ಹೇಳಲಿ.