ಕಂಪನಿಯ ದುಡ್ಡು, ಮಾತಿನ ಹಕ್ಕು

2008ರಲ್ಲಿ ಹಿಲರಿ ಕ್ಲಿಂಟನ್ ಅಮೆರಿಕದ ಅಧ್ಯಕ್ಷಗಿರಿಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಪಡೆಯಲು ಸೆಣಸುತ್ತಿದ್ದರು. ಸಿಟಿಜನ್ಸ್ ಯುನೈಟೆಡ್ ಎಂಬ ಬಲಪಂಥೀಯ ಸಂಸ್ಥೆ ಅವರನ್ನು ಹಿಗ್ಗಾಮುಗ್ಗಾ ಜಾಡಿಸುವ ಒಂದೂವರೆ ಗಂಟೆಯ ಚಿತ್ರ ತಯಾರಿಸಿ, ಕೇಬಲ್ ಟಿವಿಯಲ್ಲಿ ಬೇಕಾದವರು ಬೇಕಾದಾಗ ನೋಡುವಂತೆ ಮಾಡಲು ಹೊರಟಿತು. ಅದಕ್ಕೆ ಅಡ್ಡ ಬಂದದ್ದು 2002ರ ಕಾನೂನು. ಪಕ್ಷದೊಳಗಿನ ಆಯ್ಕೆಗೆ 30 ದಿನ, ಸಾರ್ವತ್ರಿಕ ಚುನಾವಣೆಗೆ 60 ದಿನ ಇರುವಾಗ, ಅಭ್ಯರ್ಥಿಯ ಹೆಸರೆತ್ತುವ ಪ್ರಸಾರಕ್ಕೆ ಕಂಪನಿಗಳಾಗಲಿ ಕಾರ್ಮಿಕ ಸಂಘಗಳಾಗಲಿ ತಮ್ಮ ಬೊಕ್ಕಸದ ದುಡ್ಡು ಹಾಕುವಂತಿರಲಿಲ್ಲ.

ಇಂಥ ತಡೆ ಅಲ್ಲಿಗೆ ಹೊಸದಲ್ಲ. ಅಭ್ಯರ್ಥಿಗೆ ಕಂಪನಿ ದೇಣಿಗೆ ಕೊಡಕೂಡದೆಂದು 1907ರ ಟಿಲ್‌ಮನ್ ಕಾಯ್ದೆಯೇ ಹೇಳಿತ್ತು. 1976ರ ಬಕ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಅಭ್ಯರ್ಥಿಯ ಕೈಗಿಡುವ ಹಣಕ್ಕೆ ಮಿತಿ ಹಾಕಬಹುದು, ಅದರಲ್ಲಿ ಲಂಚದ ಭಯವುಂಟು. ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ ಒಬ್ಬಾತ ತಾನೇ ಖರ್ಚು ಮಾಡಿ ಪ್ರಚಾರ ನಡೆಸಿದರೆ ಅದಕ್ಕೆ ಮಿತಿ ಹಾಕುವಂತಿಲ್ಲ. ದುಡ್ಡಿಲ್ಲದೆ ಮಾತು ದೇಶದ ತುಂಬ ಕೇಳಿಸುವುದಾದರೂ ಹೇಗೆ? ಈ ಎರಡನೆಯ ರಿಯಾಯಿತಿ ಕಂಪನಿಗಳಿಗೂ ಸಲ್ಲುತ್ತದೆಯೇ ಎಂಬುದೇ ಮುಂದಿನ ಜಗಳ.

2009ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಿಟಿಜನ್ಸ್ ಯುನೈಟೆಡ್ ಮೊಕದ್ದಮೆಯ ವಾದ ನಡೆಯುವಾಗ ನ್ಯಾಯಮೂರ್ತಿ ಅಲಿಟೊ ಸರ್ಕಾರದ ವಕೀಲರನ್ನು ಕೇಳಿದರು: ನಿಮ್ಮ ಲೆಕ್ಕದಲ್ಲಿ ಕಂಪನಿ ಹಣದ ಪುಸ್ತಕವನ್ನೂ ತಡೆಯಬಹುದೆ? ಸಂವಿಧಾನದ ಪ್ರಕಾರ ತಡೆಯಬಹುದು ಎಂಬರ್ಥದ ಉತ್ತರ ಬಂತು. ಸರ್ಕಾರ ಅಲ್ಲಿಗೇ ಅರ್ಧ ಸೋತಿತು ಅನ್ನಬೇಕು. ಸೆಪ್ಟೆಂಬರ್‌ನ ಮರುವಾದದಲ್ಲಿ ಸರ್ಕಾರದ ಪರ ನಿಂತ ಎಲೆನಾ ಕೇಗನ್ ಪುಸ್ತಕಗಳಿಗೆ ಭಯವಿಲ್ಲವೆಂದು ತೇಪೆ ಹಚ್ಚಲು ನೋಡಿದರು. ಹಾಗಾದರೆ ಕರಪತ್ರ? ಅದರ ಮಾತು ಬೇರೆ ಎಂದುಬಿಟ್ಟರು!

2010ರ ಜನವರಿ 21ರಂದು ಸಿಟಿಜನ್ಸ್ ಯುನೈಟೆಡ್ ಪರವಾಗಿ 5–4ರ ತೀರ್ಪು ಹೊರಬಿತ್ತು. ಮಾತಾಡುವವರು ಯಾರೆಂದು ನೋಡಿ ಮಾತಿಗೆ ಬೇಲಿ ಹಾಕಲಾಗದು, ಕೊಟ್ಟು ಪ್ರತಿಫಲ ಪಡೆಯುವುದಷ್ಟೇ ಭ್ರಷ್ಟಾಚಾರ, ಪ್ರಭಾವ ಬೀರುವುದಲ್ಲ ಎಂದು ಬರೆದವರು ನ್ಯಾಯಮೂರ್ತಿ ಕೆನಡಿ. ಕಂಪನಿ ಮತ ಹಾಕುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ, ಅದನ್ನು ಪ್ರಜೆಯ ಸಾಲಿನಲ್ಲಿ ಕೂರಿಸುವುದು ಹೇಗೆ ಎಂದು ಸ್ಟೀವನ್ಸ್ ಸುಮಾರು 90 ಪುಟಗಳ ಭಿನ್ನ ತೀರ್ಪಿನಲ್ಲಿ ವಾದಿಸಿದರು. ಪುಸ್ತಕದ ಪ್ರಶ್ನೆಗೆ ಕೆನಡಿಯವರ ಉತ್ತರ ಗಟ್ಟಿ; ಪ್ರಭಾವದ ಪ್ರಶ್ನೆಗೆ ಸ್ಟೀವನ್ಸರದೇ ಗಟ್ಟಿ ಎಂದು ನನಗನ್ನಿಸುತ್ತದೆ.

ಕಂಪನಿ ಈಗ ಅಭ್ಯರ್ಥಿಗೆ ನೇರ ಹಣ ಕೊಡಬಹುದೆಂದು ಹಲವರು ತಿಳಿದಿದ್ದಾರೆ. ಇಲ್ಲ, ಆ ನಿಷೇಧ ಹಾಗೇ ಇದೆ. 2010ರ ಮಾರ್ಚ್‌ನಲ್ಲಿ ಇನ್ನೊಂದು ಕೋರ್ಟು, ಸ್ವತಂತ್ರವಾಗಿ ಖರ್ಚು ಮಾಡುವ ಗುಂಪುಗಳಿಗೆ ಬರುವ ದೇಣಿಗೆಗೂ ಮಿತಿ ಬೇಡವೆಂದಿತು. ಸೂಪರ್ ಪ್ಯಾಕ್ ಎಂಬ ಇಂಥ ಗುಂಪುಗಳು ಹುಟ್ಟಿದ್ದು ಆಗ. ಹಣ ಕೊಟ್ಟವರ ಹೆಸರು ಬಯಲಾಗುವುದರಿಂದ ಜನರೇ ತೂಗಿ ನೋಡುತ್ತಾರೆ ಎಂಬುದು ಕೆನಡಿಯವರ ಭರವಸೆಯಾಗಿತ್ತು. ಎಂಟು ನ್ಯಾಯಮೂರ್ತಿಗಳು ಒಪ್ಪಿದ ಮಾತು ಅದೊಂದೇ. ಆದರೆ ದೇಣಿಗೆದಾರರ ಹೆಸರು ಹೇಳಬೇಕಿಲ್ಲದ ಲಾಭರಹಿತ ಸಂಸ್ಥೆಗಳು ನಡುವೆ ನಿಂತು, ಆ ಭರವಸೆಯನ್ನು ಟೊಳ್ಳು ಮಾಡಿದವು.

ನಮ್ಮ ಸುಪ್ರೀಂ ಕೋರ್ಟು ಅದೇ ವಾಕ್ ಸ್ವಾತಂತ್ರ್ಯವನ್ನು ಕೇಳುವವರ ಕಡೆಯಿಂದ ಹಿಡಿಯಿತು. ಯಾರ ಹಣ ಯಾವ ಪಕ್ಷಕ್ಕೆ ಹೋಯಿತೆಂದು ಅರಿಯುವುದು ಸಂವಿಧಾನದ 19(1)(ಎ) ವಿಧಿ ಮತದಾರರಿಗೆ ಕೊಟ್ಟ ಹಕ್ಕು ಎಂದು, ಹೆಸರು ಮರೆಮಾಚುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರುವರಿ 15ರಂದು ರದ್ದುಪಡಿಸಿತು. ಕಂಪನಿ ದೇಣಿಗೆಗೆ ಲಾಭದ ಶೇ 7.5ರ ಮಿತಿಯನ್ನು ತೆಗೆದುಹಾಕಿದ್ದ 2017ರ ತಿದ್ದುಪಡಿಯೂ ಬಿತ್ತು. ಮುಂದಿನ ತಿಂಗಳೇ ಬಾಂಡ್ ಕೊಂಡವರ ಪಟ್ಟಿ ಚುನಾವಣಾ ಆಯೋಗದ ಜಾಲತಾಣಕ್ಕೆ ಬಂತು.