ಭಾರತದ ಟೋಪಿ ಸಿಗದ ಅರುಣ್‌ಕುಮಾರ್

ತಂಬ್ರಹಳ್ಳಿಯ ಬಯಲಿನಲ್ಲಿ ಬ್ಯಾಟು ಹಿಡಿದ ಹುಡುಗನ ಕನಸೂ ಭಾರತ ತಂಡವೇ. ಅಲ್ಲಿಗೆ ಹೋಗಲಾಗದಿದ್ದರೆ ಗತಿಯೇನು ಎಂಬುದು ಪಾಲಕರ ಚಿಂತೆ. ಸಹಜವೇ. ಅಂಥವರು ಜೆ. ಅರುಣ್‌ಕುಮಾರ್ ಅವರ ಕಥೆ ಕೇಳಬೇಕು.

ಕರ್ನಾಟಕದ ಈ ಆರಂಭಿಕ ಬ್ಯಾಟ್ಸ್‌ಮನ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 7 ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು. 1998-99ರಲ್ಲಿ ರಣಜಿ ಟ್ರೋಫಿ ಗೆದ್ದ ತಂಡದಲ್ಲೂ ಇದ್ದರು. ಭಾರತ ತಂಡದಿಂದ ಮಾತ್ರ ಕರೆ ಬರಲೇ ಇಲ್ಲ.

ಆಟ ಮುಗಿದ ಮೇಲೆ ತರಬೇತಿಗೆ ಇಳಿದರು. 1998-99ರ ನಂತರ ಕೈಗೆ ಸಿಗದಿದ್ದ ರಣಜಿ ಟ್ರೋಫಿ, ಅವರು ಕೋಚ್ ಆಗಿದ್ದಾಗ 2013-14, 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ಬಂತು. ಎರಡನೆಯ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ನಾಯರ್ ಹೊಡೆದದ್ದು 328 ರನ್! ಅದೇ ಕರುಣ್ 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ, ಭಾರತದ ಟೋಪಿ ಧರಿಸಿ, ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದರು.

2020ರಲ್ಲಿ ಅಮೆರಿಕವು ಅರುಣ್‌ಕುಮಾರ್ ಅವರನ್ನು ತನ್ನ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಿ ನೇಮಿಸಿತು.