1876ರ ಬಳಿಕ ಕಾಣದ ಹಕ್ಕಿ: ಹಿಮಾಲಯದ ಹುಲ್ಲಿಳಿಜಾರಿನಲ್ಲಿ ಮುಗಿಯದ ಶೋಧ

ಉತ್ತರಾಖಂಡದ ಗಿರಿಧಾಮಗಳಾದ ಮಸ್ಸೂರಿ ಮತ್ತು ನೈನಿತಾಲ್‌ಗಳ ಸುತ್ತಲಿನ ಹುಲ್ಲು ಬೆಳೆದ ಕಡಿದಾದ ಇಳಿಜಾರುಗಳಲ್ಲಿ ಪಕ್ಷಿ ವೀಕ್ಷಕರ ತಂಡಗಳು ದಶಕಗಳಿಂದ ಒಂದೇ ಹಕ್ಕಿಗಾಗಿ ಅಲೆದಿವೆ. ಅದರ ಹೆಸರು ಹಿಮಾಲಯದ ಲಾವಕ್ಕಿ. ಅದು ಕೊನೆಯ ಬಾರಿಗೆ ಖಚಿತವಾಗಿ ದೊರೆತದ್ದು 1876ರಲ್ಲಿ, ನೈನಿತಾಲ್ ಬಳಿಯ ಶೇರ್ ಕಾ ಡಾಂಡಾ ಬೆಟ್ಟದಲ್ಲಿ. ಅಲ್ಲಿಂದೀಚೆಗೆ ಒಂದೂವರೆ ಶತಮಾನ ಉರುಳಿದೆ. ಆದರೂ ಅದು ಅಳಿದುಹೋಯಿತೆಂಬ ಅಧಿಕೃತ ಘೋಷಣೆ ಇಂದಿಗೂ ಹೊರಬಿದ್ದಿಲ್ಲ.

ಬೆರಳೆಣಿಕೆಯ ದಾಖಲೆಗಳು

ಈ ಹಕ್ಕಿಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವರು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ. 1846ರಲ್ಲಿ ಅವರು ಇದನ್ನು ವರ್ಣಿಸಿದ್ದು ಹಿಮಾಲಯಕ್ಕೆ ಬಂದಲ್ಲ. ಇಂಗ್ಲೆಂಡಿನ ಅರ್ಲ್ ಆಫ್ ಡರ್ಬಿಯವರ ಖಾಸಗಿ ಮೃಗಾಲಯದಲ್ಲಿದ್ದ ಹಕ್ಕಿಗಳನ್ನು ನೋಡಿ. ಅದರ ತವರು ಯಾವುದೆಂಬುದು ತಿಳಿದದ್ದು 1865ರಲ್ಲಿ, ಮಸ್ಸೂರಿಯ ಹಿಂಬದಿಯ ಬೆನೋಗ್ ಬೆಟ್ಟದ ಪರಿಸರದಲ್ಲಿ ಬೇಟೆಗಾರರಿಗೆ ಅದು ಸಿಕ್ಕಾಗ. 1867ರ ನವೆಂಬರ್‌ನಲ್ಲಿ ಝರಿಪಾನಿಯಲ್ಲಿ ಒಂದು ಸಣ್ಣ ಗುಂಪು ಕಾಣಿಸಿಕೊಂಡು, ಮರುವರ್ಷದ ಬೇಸಿಗೆಯವರೆಗೂ ಅಲ್ಲಿಯೇ ನೆಲೆಸಿತ್ತು. ಜಗತ್ತಿನ ವಸ್ತು ಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವುದು ಸುಮಾರು ಹತ್ತು-ಹನ್ನೆರಡು ಚರ್ಮದ ಮಾದರಿಗಳು ಮಾತ್ರ.

ಗಂಡು ಕಪ್ಪು ಛಾಯೆಯ ಬೂದು ಬಣ್ಣದ್ದು. ಹಣೆಯಲ್ಲಿ ಬಿಳಿ ಪಟ್ಟೆ, ಕೆಂಪು ಕೊಕ್ಕು. ಹೆಣ್ಣು ಕಂದು ಬಣ್ಣದ್ದು. ಸಾಮಾನ್ಯ ಲಾವಕ್ಕಿಗಿಂತ ಬಾಲ ಉದ್ದ.

ಚಳಿಗಾಲವೇ ಏಕೆ?

ಹಳೆಯ ದಾಖಲೆಗಳಲ್ಲಿ ಹೆಚ್ಚಿನವು ನವೆಂಬರ್‌ನಿಂದ ಆರಂಭವಾಗುವ ಚಳಿಯ ತಿಂಗಳುಗಳಿಗೆ ಸೇರಿದವು. ಹೀಗಾಗಿ ಇದು ಎತ್ತರದ ಪ್ರದೇಶದಿಂದ ಚಳಿಗಾಲದಲ್ಲಿ ಕೆಳಗಿಳಿದು ಬರುತ್ತಿದ್ದ ಹಕ್ಕಿ ಎಂಬುದು ಒಂದು ವಾದ. ಇದು ವರ್ಷವಿಡೀ ಅಲ್ಲಿಯೇ ಇದ್ದು, ಮಳೆಗಾಲದ ಎತ್ತರದ ಹುಲ್ಲಿನಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲವೆಂಬುದು ಇನ್ನೊಂದು ವಾದ. ಎರಡರಲ್ಲಿ ಯಾವುದು ನಿಜವಾದರೂ ಹುಡುಕಲು ಸೂಕ್ತ ಕಾಲ ಚಳಿಗಾಲವೇ.

ಆದರೆ ಹುಡುಕಾಟ ಸುಲಭವಲ್ಲ. ಕಾಲ ಬಳಿಗೆ ಬರುವ ತನಕ ಹುಲ್ಲಿನೊಳಗೆ ಅಡಗಿ ಕುಳಿತು, ಅನಿವಾರ್ಯವಾದಾಗ ಮಾತ್ರ ಹಾರಿ, ಸ್ವಲ್ಪ ದೂರದಲ್ಲೇ ಮತ್ತೆ ಹುಲ್ಲಿಗಿಳಿಯುವುದು ಇದರ ಸ್ವಭಾವವಾಗಿತ್ತು. ಅಪರೂಪದ ಹಕ್ಕಿಗಳನ್ನು ಪತ್ತೆ ಮಾಡಲು ಅವುಗಳ ಕೂಗಿನ ಧ್ವನಿಮುದ್ರಣವನ್ನು ಕೇಳಿಸಿ ಪ್ರತಿಕ್ರಿಯೆಗೆ ಕಾಯುವ ಕ್ರಮವುಂಟು. ಹಿಮಾಲಯದ ಲಾವಕ್ಕಿಯ ಕೂಗನ್ನು ಯಾರೂ ಮುದ್ರಿಸಿಕೊಂಡಿಲ್ಲವಾದ್ದರಿಂದ ಆ ದಾರಿಯೂ ಮುಚ್ಚಿದೆ. ಮಸ್ಸೂರಿ, ನೈನಿತಾಲ್‌ಗಳ ಕಡೆಯಿಂದ ಹಕ್ಕಿಯನ್ನು ಕಂಡೆವೆಂಬ ಹೇಳಿಕೆಗಳು ಆಗಾಗ್ಗೆ ಬಂದಿದ್ದರೂ ಒಂದಕ್ಕೂ ಪುರಾವೆ ದೊರೆತಿಲ್ಲ.

ಹೊಸ ವಿಧಾನಗಳ ಮೊರೆ ಹೋಗಿರುವ ಸಂಶೋಧಕರು ಇದೇ ಬಗೆಯ ಪರಿಸರದಲ್ಲಿ ಬದುಕುವ ಚೀರ್ ಫೆಸೆಂಟ್ ಮತ್ತು ಮೊನಾಲ್ ಹಕ್ಕಿಗಳ ನೆಲೆಗಳನ್ನು ಆಧಾರವಾಗಿಟ್ಟುಕೊಂಡು, ಎಲ್ಲಿ ಹುಡುಕಬೇಕೆಂಬ ನಕ್ಷೆಯನ್ನು ಸಿದ್ಧಪಡಿಸಿದ್ದಾರೆ.

ಘೋಷಣೆಯ ಇಕ್ಕಟ್ಟು

ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಹಕ್ಕಿಗೆ ಇರುವ ಸ್ಥಾನ ‘ತೀವ್ರ ಅಪಾಯದಲ್ಲಿರುವ ಪ್ರಭೇದ’. ಅಳಿದಿದೆಯೆಂದು ಘೋಷಿಸಲು, ಕೊನೆಯ ಜೀವಿಯೂ ಸತ್ತಿದೆ ಎಂಬುದರಲ್ಲಿ ಸಮಂಜಸವಾದ ಸಂದೇಹ ಉಳಿದಿರಬಾರದು. ಅವಸರದ ಘೋಷಣೆಗೆ ಸಂರಕ್ಷಣಾ ತಜ್ಞರು ‘ರೋಮಿಯೊ ತಪ್ಪು’ ಎಂಬ ಹೆಸರಿಟ್ಟಿದ್ದಾರೆ. ಜೂಲಿಯೆಟ್ ಸತ್ತಳೆಂದು ಭಾವಿಸಿ ರೋಮಿಯೊ ಪ್ರಾಣ ಬಿಟ್ಟಂತೆ, ಹಕ್ಕಿ ಇಲ್ಲವೆಂದು ನಂಬಿ ರಕ್ಷಣೆಯನ್ನು ಕೈಬಿಟ್ಟರೆ ಉಳಿದ ನಾಲ್ಕಾರು ಹಕ್ಕಿಗಳೂ ನಿಜವಾಗಿಯೇ ಅಳಿಯಬಹುದು. ಇನ್ನೊಂದೆಡೆ, ಇಲ್ಲದ ಹಕ್ಕಿಗಾಗಿ ವ್ಯಯವಾಗುವ ಹಣ ಮತ್ತು ಶ್ರಮ ಇರುವ ಹಕ್ಕಿಗಳ ಪಾಲಿನದು ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ.

ಆಸೆಗೆ ಆಧಾರ

ಭಾರತದಲ್ಲಿಯೇ ಇಂತಹ ಶೋಧ ಫಲಿಸಿದ ನಿದರ್ಶನಗಳಿವೆ. 1900ರ ಬಳಿಕ ಕಣ್ಮರೆಯಾಗಿದ್ದ ಜೆರ್ಡನ್ ಕೋರ್ಸರ್ 86 ವರ್ಷಗಳ ನಂತರ, 1986ರಲ್ಲಿ, ಆಂಧ್ರದ ಕಡಪ ಜಿಲ್ಲೆಯಲ್ಲಿ ಸಿಕ್ಕಿತು. ಅದನ್ನು ಹಿಡಿದು ತಂದವನು ರಾತ್ರಿ ವೇಳೆ ಟಾರ್ಚ್ ಹಿಡಿದು ಹೊರಟಿದ್ದ ಸ್ಥಳೀಯ ಬೇಟೆಗಾರ. 1884ರ ನಂತರ ಕಾಣದಿದ್ದ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಪತ್ತೆಯಾಯಿತು. ಅದರ ಕುರಿತ ಹಳೆಯ ದಾಖಲೆಗಳಲ್ಲಿ ಕೆಲವು ಸುಳ್ಳೆಂಬುದು ಬಯಲಾದ ಮೇಲೆಯೇ ಸರಿಯಾದ ಜಾಗದಲ್ಲಿ ಹುಡುಕಾಟ ನಡೆದದ್ದು.

ಕಡಪದ ಅನುಭವ ಹಿಮಾಲಯಕ್ಕೂ ಅನ್ವಯಿಸುತ್ತದೆ. ಮೇವಿಗಾಗಿ ಹುಲ್ಲು ಕೊಯ್ಯಲು ಆ ಇಳಿಜಾರುಗಳನ್ನು ಹತ್ತಿಳಿಯುವ ಪಹಾಡಿ ಮಹಿಳೆಯರಿಗೆ ಅಲ್ಲಿನ ನೆಲದ ಪರಿಚಯ ಯಾವ ತಂಡಕ್ಕಿಂತಲೂ ಹೆಚ್ಚು. ಹಕ್ಕಿ ಬದುಕಿದ್ದರೆ ಅದು ಮೊದಲು ಹಾರುವುದು ಅವರ ಕುಡುಗೋಲಿನ ಸದ್ದಿಗೇ ಇರಬಹುದು. ಅದರ ಚಿತ್ರ ಅಂಥವರ ಮನೆಗಳನ್ನು ತಲುಪುವುದು ಮುಂದಿನ ಶೋಧದ ಮೊದಲ ಹೆಜ್ಜೆಯಾಗಬೇಕು.